ಕಿವಿಗೆ ಬೇಕಾದಷ್ಟೇ ದನಿ: ಮನೆಯ ವಚನಶ್ರವಣಕ್ಕೆ ಪ್ರೀಆಂಪ್ ಬೇಕೆ?

ಕಳೆದ ಶ್ರಾವಣದ ಒಂದು ಸೋಮವಾರ ಬೆಳಗಿನ ಐದು ಗಂಟೆ. ಮೈಸೂರು ಸರಸ್ವತೀಪುರಂನ ನಮ್ಮ ಮನೆಯಲ್ಲಿ ಸ್ನಾನ ಮುಗಿಸಿ ಇಷ್ಟಲಿಂಗಾರ್ಚನೆಗೆ ಆಗತಾನೆ ಕುಳಿತಿದ್ದೆವು. ಆ ಹೊತ್ತಿಗೆ ಒಳಕೋಣೆಯಲ್ಲಿ ಮಲಗಿರುವ ನಮ್ಮ ಅಕ್ಕನವರಿಗಾಗಿ ವಚನಗಾಯನ ಹಾಕುವುದು ಇಪ್ಪತ್ತು ವರ್ಷಗಳಿಂದ ನಡೆದುಬಂದ ರೂಢಿ. ಅಕ್ಕನವರಿಗೆ ಈಗ ೮೧. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಮಠಕ್ಕೆ ಹೋಗುವುದು ತಪ್ಪಿತು, ಗದ್ದುಗೆಯ ದರ್ಶನ ತಪ್ಪಿತು; ಬೆಳಗಿನ ಆ ಒಂದು ಗಂಟೆಯ ಹಾಡು ಮಾತ್ರ ಉಳಿಯಿತು. ತಮ್ಮನ ಮಗ, ಕಂಪ್ಯೂಟರ್ ಉದ್ಯೋಗದಲ್ಲಿರುವವನು, ದೊಡ್ಡತ್ತೆಗೆಂದು ಹಳೆಯ ಸೆಟ್ಟನ್ನು ತೆಗೆದು ಹೊಸದಾಗಿ ಒಂದು ಡ್ಯಾಕ್, ಒಂದು ಪವರ್ ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದಿರಿಸಿದ್ದ. ಡ್ಯಾಕ್ ಎಂದರೆ ಅಂಕಿಗಳಾಗಿ ಶೇಖರಿಸಿಟ್ಟ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಪೆಟ್ಟಿಗೆ. ದನಿಯನ್ನು ಹೆಚ್ಚು ಕಡಿಮೆ ಮಾಡುವುದು ಮೊಬೈಲಿನಲ್ಲಿಯೇ. ಕೈಗೆ ಸಿಗುವ ತಿರುಪು ಎಲ್ಲಿಯೂ ಇರಲಿಲ್ಲ.

ಹಿಂದಿನ ರಾತ್ರಿ ಕರೆಂಟು ಹೋಗಿ ಬಂದಿತ್ತು. ಆ ಯಂತ್ರ ತಾನು ತಗ್ಗಿಸಿಕೊಂಡಿದ್ದ ಮಟ್ಟವನ್ನು ಮರೆತು ಪೂರ್ಣ ಪ್ರಮಾಣಕ್ಕೆ ಮರಳಿದೆಯೆಂಬುದು ಯಾರಿಗೂ ತಿಳಿಯದು. ಹುಡುಗ ಮೊಬೈಲಿನಲ್ಲಿ ಒತ್ತಿದ. ಅಕ್ಕಮಹಾದೇವಿಯ ವಚನ ಸಿಡಿಲಿನಂತೆ ಎರಗಿತು. ಅಕ್ಕನವರು ಚೀರಿದರು; ರಕ್ತದೊತ್ತಡ ಏರಿ, ನೆರೆಯ ವೈದ್ಯರು ಓಡಿಬರುವಂತಾಯಿತು. ಒಂದು ಸ್ಪೀಕರಿನ ಮೇಲುಸ್ವರದ ಭಾಗ ಸುಟ್ಟೇಹೋಯಿತು. ಮೂರು ದಿನ ಅಕ್ಕನವರು ಹಾಡು ಬೇಡವೆಂದರು. ಅವರು ಹಾಡು ಬೇಡವೆಂದದ್ದನ್ನು ನಾವು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ನಡುವೆ ಒಂದು ದನಿ ನಿಯಂತ್ರಕ ಇರಲೇಬೇಕೆಂದು ಅಂದೇ ನಿಶ್ಚಯವಾಯಿತು. ಎಂಥದೆಂಬ ಪ್ರಶ್ನೆ ನಮ್ಮನ್ನು ಒಂದೂವರೆ ತಿಂಗಳು ಕಾಡಿತು. ನಮ್ಮಂತೆಯೇ ಅನೇಕ ಶರಣಬಂಧುಗಳ ಮನೆಗಳಲ್ಲಿ ಈಗ ಇಂಥ ಯಂತ್ರಗಳು ಬಂದಿವೆ. ಮಕ್ಕಳು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಪ್ರೀತಿಯಿಂದ ತಂದಿಟ್ಟು ಹೋಗುತ್ತಾರೆ, ಹಿರಿಯರು ಅದರ ಮುಂದೆ ಕೈಕಟ್ಟಿ ಕೂರುತ್ತಾರೆ. ಆದುದರಿಂದ ನಮಗೆ ತಿಳಿದುಬಂದುದನ್ನು ಬರೆಯುವುದು ಉಚಿತವೆಂದು ತೋರಿತು. ಸಂಸ್ಕೃತ ವ್ಯಾಕರಣ ಓದಿದವರಿಗೆ ಈ ವಿಷಯವೇಕೆ ಎಂದು ಕೆಲವರು ನಗಬಹುದು. ಮಠದಲ್ಲಿ ಓದುತ್ತಿದ್ದಾಗ ಜಾತ್ರೆಯ ದಿನಗಳಲ್ಲಿ ಅಹುಜಾ ಧ್ವನಿವರ್ಧಕದ ಕಾವಲು ನಮ್ಮದೇ ಆಗಿತ್ತು. ಮೈಕು ಕೂಗಿದರೆ ಗುರುಗಳು ನಮ್ಮ ಕಡೆ ನೋಡುತ್ತಿದ್ದರು. ಆ ಒಂದು ನೋಟಕ್ಕೆ ಹೆದರಿ ಕಲಿತ ವಿದ್ಯೆ ಇದು.

ಈ ಊರಿಗೆ ದನಿಯ ಯಂತ್ರವೇನೂ ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲವಿಹಾರ’ದಲ್ಲಿಯೇ ಕೇವಲ ೩೦ ವ್ಯಾಟಿನ ಪ್ರೇಷಕವನ್ನಿಟ್ಟು ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶದ ಬಾನುಲಿ ಪಡೆದುಕೊಂಡದ್ದು ಮೈಸೂರಿನ ಈ ಪುಟ್ಟ ನಿಲಯದಿಂದ. ಅರಮನೆಯಲ್ಲಿಯಾದರೋ ಜಯಚಾಮರಾಜ ಒಡೆಯರು ಸಹಸ್ರಾರು ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸಿದ್ದರು. ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಮೆಟ್ನರ್ ಎಂಬ ರಷ್ಯನ್ ಸಂಗೀತಕಾರನ ಕೃತಿಗಳು ಧ್ವನಿಮುದ್ರಣಗೊಂಡದ್ದು ಮೈಸೂರು ಮಹಾರಾಜರ ಹಣದಿಂದ. ಒಬ್ಬರು ೩೦ ವ್ಯಾಟಿನಲ್ಲಿ ಇಡೀ ಊರಿಗೆ ಮಾತು ಮುಟ್ಟಿಸಿದರು. ಈಗ ಹತ್ತಡಿಯ ಕೋಣೆಗೆ ೧೦೦ ವ್ಯಾಟು ತಂದಿರಿಸುತ್ತೇವೆ. ಬಾನುಲಿಯ ವ್ಯಾಟು ಬೇರೆ, ಸ್ಪೀಕರಿನ ವ್ಯಾಟು ಬೇರೆ ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ಮನಸ್ಸು ಹೋಲಿಸದೆ ಬಿಡದು.

ಹಿಂದಿನ ವಾಲ್ವ್ ರೇಡಿಯೋದಲ್ಲಿ ಒಂದು ತಿರುಪು ಇರುತ್ತಿತ್ತು. ಬಲಕ್ಕೆ ತಿರುಗಿಸಿದರೆ ದನಿ ಹೆಚ್ಚುತ್ತದೆಂದು ನಾವೆಲ್ಲರೂ ತಿಳಿದಿದ್ದೆವು. ವಾಸ್ತವವಾಗಿ ತಿರುಪು ಯಾವ ದನಿಯನ್ನೂ ಹೆಚ್ಚಿಸುವುದಿಲ್ಲ. ಬಂದ ದನಿಯನ್ನು ತಡೆದು ಅದರಲ್ಲೊಂದು ಪಾಲನ್ನು ಮಾತ್ರ ಮುಂದೆ ಬಿಡುವುದು ಅದರ ಕೆಲಸ. ಬಲಕ್ಕೆ ತಿರುಗಿಸುವುದೆಂದರೆ ತಡೆಯುವುದನ್ನು ಕಡಿಮೆ ಮಾಡುವುದು. ಕಾಲುವೆಯ ತೂಬು ನೀರನ್ನು ಹುಟ್ಟಿಸುವುದಿಲ್ಲವಷ್ಟೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಪ್ರೀಆಂಪ್ ಬೇಕೋ ಬೇಡವೋ ಎಂಬ ವಿಚಾರದಲ್ಲಿ ಅರ್ಧ ದಾರಿ ಸಾಗಿದಂತೆ. ಪ್ರೀಆಂಪ್ ಎಂದರೆ ತೂಬಿನ ಜೊತೆಗೆ ಒಂದು ಪಂಪನ್ನೂ ಸೇರಿಸಿದ ಪೆಟ್ಟಿಗೆ. ಪ್ಯಾಸಿವ್ ನಿಯಂತ್ರಕವೆಂದರೆ ಬರಿಯ ತೂಬು. ಅದಕ್ಕೆ ಕರೆಂಟಿನ ಸಂಪರ್ಕವೇ ಇಲ್ಲ. ಪಂಪು ಬೇಕೋ ಬೇಡವೋ ಎಂಬುದು ಕಾಲುವೆಯಲ್ಲಿ ಎಷ್ಟು ನೀರಿದೆ, ಗದ್ದೆಗೆ ಎಷ್ಟು ಸಾಕು ಎಂಬ ಲೆಕ್ಕದ ಮೇಲೆ ನಿಂತಿದೆ.

ಆ ಲೆಕ್ಕವನ್ನು ನಮ್ಮ ಮನೆಯ ಯಂತ್ರಗಳಿಗೇ ಮಾಡಿನೋಡಿದೆವು. ವಾಚಕರು ಹೆದರಬೇಕಾಗಿಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಸಾಮಾನ್ಯವಾದ ಸಿ.ಡಿ. ಪ್ಲೇಯರ್ ಹೆಚ್ಚೆಂದರೆ ೨ ವೋಲ್ಟ್ ಹೊರಡಿಸುತ್ತದೆ. ನಮ್ಮ ಡ್ಯಾಕಿನ ಬ್ಯಾಲೆನ್ಸ್ಡ್ ಹೊರದಾರಿಯಲ್ಲಿ ೪ ವೋಲ್ಟ್. ಪವರ್ ಆಂಪ್ಲಿಫೈಯರ್ ತನಗೆ ಬಂದುದನ್ನು ೨೦ ಪಟ್ಟು ಹಿಗ್ಗಿಸುತ್ತದೆ. ೮ ಓಮಿನ ಸ್ಪೀಕರಿಗೆ ೧೦೦ ವ್ಯಾಟು ತುಂಬಲು ೨೮ ವೋಲ್ಟ್ ಬೇಕು, ಎಂದರೆ ಅದರ ಬಾಯಿಗೆ ೧.೪ ವೋಲ್ಟ್ ಕೊಟ್ಟರೆ ಹೊಟ್ಟೆ ತುಂಬಿತು. ನಾವು ಕೊಡುತ್ತಿದ್ದುದು ೪. ಅಂದು ಬೆಳಿಗ್ಗೆ ಸ್ಪೀಕರ್ ಸುಟ್ಟ ಕಾರಣ ಇಲ್ಲಿಯೇ ಸಿಕ್ಕಿತು.

ಇನ್ನು ಕೇಳುವ ಕಡೆಯಿಂದ ನೋಡೋಣ. ನಮ್ಮ ಸ್ಪೀಕರಿಗೆ ೧ ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ೮೮ ಡೆಸಿಬಲ್ ದನಿ. ಅದು ಬೆಳಗಿನ ಜಾವಕ್ಕೆ ಅತಿಯಾಯಿತು. ಅಕ್ಕನವರ ಕಿವಿಗೆ ಹಿತವಾಗಿ, ಪಕ್ಕದ ಕೋಣೆಯ ಮೊಮ್ಮಗಳ ನಿದ್ದೆ ಕೆಡದಂತೆ ಇರಬೇಕಾದರೆ ೬೮ ಡೆಸಿಬಲ್ ಸಾಕು. ಅದಕ್ಕೆ ಬೇಕಾದುದು ಒಂದು ವ್ಯಾಟಿನ ನೂರನೆಯ ಒಂದು ಭಾಗ! ಸ್ಪೀಕರಿನ ತಂತಿಯಲ್ಲಿ ೦.೨೮ ವೋಲ್ಟ್, ಆಂಪ್ಲಿಫೈಯರಿನ ಬಾಯಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲು, ೦.೦೧೪ ವೋಲ್ಟ್. ಗಾಯನದ ಸರಾಸರಿ ಮಟ್ಟ ಗರಿಷ್ಠ ಮಟ್ಟದ ಹತ್ತನೆಯ ಒಂದು ಪಾಲು ಇರುತ್ತದೆಂದು ಸುಮಾರಾಗಿ ಹಿಡಿಯಬಹುದು. ಅಂದರೆ ಡ್ಯಾಕಿನಿಂದ ಸರಾಸರಿ ೦.೪ ವೋಲ್ಟ್ ಬರುತ್ತಿದೆ, ನಮಗೆ ಬೇಕಾದುದು ಅದರ ಇಪ್ಪತ್ತೆಂಟನೆಯ ಒಂದು ಪಾಲು. ಡೆಸಿಬಲ್ ಭಾಷೆಯಲ್ಲಿ ೨೯ ಡೆಸಿಬಲ್ ಇಳಿಸಬೇಕು. (ವೋಲ್ಟೇಜು ಅರ್ಧವಾದರೆ ೬ ಡೆಸಿಬಲ್ ಇಳಿಯಿತು, ಹತ್ತನೆಯ ಒಂದಾದರೆ ೨೦, ನೂರನೆಯ ಒಂದಾದರೆ ೪೦. ಮಗ್ಗಿಯಂತೆ ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಅಂಗಡಿಯವರು ಹೇಳುವುದೆಲ್ಲ ಅರ್ಥವಾಗುತ್ತದೆ.)

ಇಷ್ಟೊಂದು ಇಳಿಸಬೇಕಾದ ಮನೆಗೆ ಹಿಗ್ಗಿಸುವ ಯಂತ್ರವೇಕೆ? ಈ ಪ್ರಶ್ನೆ ನಮಗೆ ಹೊಳೆಯುವ ಮೊದಲೇ ತಮ್ಮನ ಮಗ ಒಂದು ಅಂಗಡಿಯಿಂದ ಪ್ರೀಆಂಪ್ ತಂದಾಗಿತ್ತು. ಪರೀಕ್ಷೆಗೆಂದು ಒಂದು ವಾರ ಇಟ್ಟುಕೊಳ್ಳಲು ಕೊಟ್ಟಿದ್ದರು. ಬೆಲೆ ಕೇಳಿ ನಾವು ಮೌನವಾದೆವು. ಆ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ವಸತಿ ಊಟ ಸಾಗುತ್ತದೆ. “ದೊಡ್ಡಪ್ಪ, ಇದಿಲ್ಲದೆ ಆಂಪ್ಲಿಫೈಯರಿಗೆ ಜೀವ ಬರೋದಿಲ್ಲ ಅಂತಾರೆ” ಎಂದ ಹುಡುಗ. ಯಾರು ಅನ್ನುತ್ತಾರೆಂದು ಕೇಳಿದೆವು. ಅಂಗಡಿಯವರು ಎಂದ.

ಆ ಪೆಟ್ಟಿಗೆ ದುಂಡಾಗಿ, ಭಾರವಾಗಿ, ನೋಡಲು ಗಂಭೀರವಾಗಿತ್ತು. ಬಂದುದನ್ನು ನಾಲ್ಕು ಪಟ್ಟು ಹಿಗ್ಗಿಸುವ ಯಂತ್ರ ಅದು. ಹಾಗಾಗಿ ಇಪ್ಪತ್ತೆಂಟನೆಯ ಒಂದು ಪಾಲಿಗೆ ಇಳಿಸಬೇಕಾಗಿದ್ದುದನ್ನು ಈಗ ನೂರಕ್ಕೂ ಹೆಚ್ಚಿನ ಪಾಲು ಮಾಡಿ ಇಳಿಸಬೇಕಾಯಿತು. ತಿರುಪು ಆರಂಭದ ಗೆರೆಯಿಂದ ಕೂದಲೆಳೆಯಷ್ಟು ಮಾತ್ರ ಸರಿಯುತ್ತಿತ್ತು. ಅಲ್ಲಿ ಎರಡು ತೊಂದರೆ ಕಂಡುವು. ಹಾಡು ನಿಂತಾಗ ಸ್ಪೀಕರಿನಿಂದ ಸುಯ್ ಎಂಬ ಸದ್ದು ಬರುತ್ತಿತ್ತು; ತಿರುಪಿನ ಆಚೆಗಿರುವ ಹಿಗ್ಗಿಸುವ ಭಾಗದ ಸದ್ದಾದುದರಿಂದ ತಿರುಪನ್ನು ಎಷ್ಟು ತಗ್ಗಿಸಿದರೂ ಅದು ತಗ್ಗದು. ಎರಡನೆಯದನ್ನು ಕಂಡುಹಿಡಿದವರು ಅಕ್ಕನವರು. ಹಾಸಿಗೆಯಿಂದಲೇ ಕರೆದು, “ತಮ್ಮಯ್ಯ, ಹಾಡೋರು ಯಾಕೋ ಗೋಡೆ ಕಡೆಗೆ ಸರಿದು ಕೂತವ್ರೆ ಕಣಪ್ಪ” ಎಂದರು.

ನಿಜವಾಗಿತ್ತು. ದನಿ ನಡುವಿನಿಂದ ಬರದೆ ಎಡಕ್ಕೆ ವಾಲಿತ್ತು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಪಾಟುಗಳು ಒಂದೇ ಕಡ್ಡಿಯ ಮೇಲೆ ಕುಳಿತು ತಿರುಗುತ್ತವೆ. ನಡುಭಾಗದಲ್ಲಿ ಎರಡೂ ಒಂದೇ ಅಳತೆಗೆ ಬರುತ್ತವೆ. ತೀರ ಆರಂಭದ ಅಂಚಿನಲ್ಲಿ ಸಾಧಾರಣ ಪಾಟುಗಳು ಎರಡು ಮೂರು ಡೆಸಿಬಲ್ ಹೆಚ್ಚು ಕಡಿಮೆಯಾಗುವುದುಂಟು. ಗಾಯಕರನ್ನು ಗೋಡೆಯತ್ತ ಸರಿಸಲು ಅಷ್ಟು ಸಾಕು. ದಿನವೆಲ್ಲ ಗಟ್ಟಿಯಾಗಿ ಕೇಳುವವರ ಮನೆಯಲ್ಲಿ ಈ ದೋಷ ಎಂದಿಗೂ ಕಾಣುವುದಿಲ್ಲ. ಬೆಳಗಿನ ಜಾವ ಮೆಲ್ಲಗೆ ಕೇಳುವ ಮನೆಯಲ್ಲಿ ದಿನವೂ ಕಾಣುತ್ತದೆ. ಅಂಗಡಿಯ ಪರೀಕ್ಷೆಯಲ್ಲಿ ಯಾರೂ ಮೆಲ್ಲಗೆ ಹಾಕಿ ತೋರಿಸುವುದಿಲ್ಲವೆಂಬುದನ್ನು ಕೊಳ್ಳುವವರು ನೆನಪಿಡಬೇಕು. ನೀವೇ ಕೇಳಿ ಹಾಕಿಸಿಕೊಳ್ಳಿರಿ.

ಪ್ರೀಆಂಪನ್ನು ಹಿಂದಿರುಗಿಸಿದೆವು. ಅಂಗಡಿಯವರು ಮುಖ ಸಿಂಡರಿಸಿ ತೆಗೆದುಕೊಂಡರೆಂದು ಹುಡುಗ ಹೇಳಿದ.

ಇಲ್ಲಿ ‘ಬ್ಯಾಲೆನ್ಸ್ಡ್’ ಎಂಬ ಶಬ್ದದ ಅರ್ಥ ಹೇಳಬೇಕು. ಸಭಾಭವನದ ಮೈಕಿನ ಬುಡದಲ್ಲಿ ಮೂರು ಕಡ್ಡಿಗಳ ಪಿನ್ನನ್ನು ನೀವು ನೋಡಿರುತ್ತೀರಿ. ಮೊದಲನೆಯದು ಭೂಮಿ, ಎರಡನೆಯದು ದನಿ, ಮೂರನೆಯದು ಅದೇ ದನಿಯ ತಲೆಕೆಳಗಾದ ಪ್ರತಿರೂಪ. ಎರಡು ತಂತಿಗಳು ಹೊಸೆದುಕೊಂಡು ಹೋಗುತ್ತವೆ. ದಾರಿಯಲ್ಲಿ ಮಿಕ್ಸಿಯದೋ ಮೋಟಾರಿನದೋ ಗದ್ದಲ ತಗುಲಿದರೆ ಎರಡಕ್ಕೂ ಸಮನಾಗಿ ತಗುಲುತ್ತದೆ. ಕೊನೆಯಲ್ಲಿ ಆಂಪ್ಲಿಫೈಯರ್ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸಮನಾಗಿ ಬಂದ ಗದ್ದಲ ಒಂದರಲ್ಲೊಂದು ಕಳೆದು ಸೊನ್ನೆಯಾಗುತ್ತದೆ, ಎದುರುಬದುರಾದ ದನಿ ಉಳಿಯುತ್ತದೆ. ಟೆಲಿಫೋನ್ ಮಾತನ್ನು ಗದ್ದಲದಿಂದ ಕಾಪಾಡಲು ಗ್ರಹಾಂ ಬೆಲ್ ೧೮೮೧ರಲ್ಲಿಯೇ ಈ ಜೋಡುತಂತಿಗೆ ಪೇಟೆಂಟ್ ಪಡೆದಿದ್ದರು. ಮನೆಗಳಲ್ಲಿ ನಮ್ಮನ್ನು ಕಾಡುವುದು ಕರೆಂಟಿನ ೫೦ ಹರ್ಟ್ಸ್ ಗುಂಯ್‌ಗುಡುವಿಕೆ, ಅದರ ಇಮ್ಮಡಿಯಾದ ೧೦೦. ಇದು ತಂಬೂರಿಯ ಪಕ್ಕದಲ್ಲಿ ಕುಳಿತ ಸುಳ್ಳು ಶ್ರುತಿ. ಮಲ್ಲಿಕಾರ್ಜುನ ಮನ್ಸೂರರಂಥವರು ಹಿಡಿದ ಷಡ್ಜದ ಕೆಳಗೆ ವಿದ್ಯುತ್ ಇಲಾಖೆ ಬೇರೊಂದು ಷಡ್ಜ ಹಿಡಿದರೆ ಹೇಗಿರುತ್ತದೆಂದು ಸಂಗೀತ ಬಲ್ಲವರು ಊಹಿಸಿಕೊಳ್ಳಲಿ.

ಒಂದು ಮೀಟರ್ ತಂತಿಯ ಅಂತರದಲ್ಲಿ ಎಲ್ಲವನ್ನೂ ಇಟ್ಟುಕೊಂಡ ಮನೆಗೆ ಬ್ಯಾಲೆನ್ಸ್ಡ್ ಅನಿವಾರ್ಯವಲ್ಲವೆಂಬುದನ್ನೂ ಹೇಳಿಬಿಡುತ್ತೇವೆ. ನಮ್ಮಲ್ಲಿ ಡ್ಯಾಕ್ ನಡುಮನೆಯಲ್ಲಿ, ಆಂಪ್ಲಿಫೈಯರ್ ಅಕ್ಕನವರ ಕೋಣೆಯಲ್ಲಿ. ನಡುವೆ ಹತ್ತು ಮೀಟರ್, ಜೊತೆಗೆ ಅಡುಗೆಮನೆಯ ಫ್ರಿಜ್ಜು. ಆದುದರಿಂದ ಬೇಕಾಯಿತು.

ಬ್ಯಾಲೆನ್ಸ್ಡ್ ದಾರಿಯಲ್ಲಿ ತೂಬು ಇಡುವುದು ಸ್ವಲ್ಪ ಸೂಕ್ಷ್ಮ. ಪ್ರತಿ ತಂತಿಗೂ ಒಂದೊಂದು ಪಾಟ್ ಇಡುವುದು ಒಂದು ಕ್ರಮ. ಎಡಬಲ ಎರಡಕ್ಕೂ ಸೇರಿ ನಾಲ್ಕು ಪಾಟುಗಳು ಒಂದೇ ಕಡ್ಡಿಯ ಮೇಲೆ. ಈ ನಾಲ್ಕೂ ಒಂದೇ ಅಳತೆಯಲ್ಲಿ ಸಾಗಬೇಕು. ಜೋಡಿ ತಂತಿಗಳಲ್ಲಿ ಒಂದು ಹೆಚ್ಚು ಒಂದು ಕಡಿಮೆಯಾದರೆ ಗದ್ದಲ ಸಮನಾಗಿ ಕಳೆಯದೆ ಅಷ್ಟಿಷ್ಟು ಉಳಿದುಬಿಡುತ್ತದೆ. ಯಾವುದಕ್ಕಾಗಿ ಬ್ಯಾಲೆನ್ಸ್ಡ್ ಮಾಡಿದೆವೋ ಅದೇ ಕೆಟ್ಟಿತು. ಪಾಟಿನ ಬದಲು ಆಯ್ದ ರೆಸಿಸ್ಟರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಸ್ವಿಚ್ಚಿನಿಂದಲೋ ರಿಲೇಯಿಂದಲೋ ಬದಲಿಸುವ ಪೆಟ್ಟಿಗೆಗಳು ಈ ದೋಷದಿಂದ ಬಹುಮಟ್ಟಿಗೆ ಪಾರು. ಬೆಲೆ ಅದಕ್ಕೆ ತಕ್ಕಂತೆ. ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರಿನಿಂದ ದನಿ ಇಳಿಸುವ ಇನ್ನೊಂದು ಕ್ರಮವುಂಟು. ಇಂಗ್ಲೆಂಡಿನ ಸೋಟರ್ ಮೊದಲಾದವರು ಇಂಥವನ್ನು ಮಾಡುತ್ತಾರೆ. ಉತ್ತಮವಾದುದೆಂದು ಬಲ್ಲವರು ಹೇಳುತ್ತಾರೆ, ನಾವು ಬಳಸಿಲ್ಲ.

ನಾವು ಆರಿಸಿಕೊಂಡದ್ದು ಎಲ್ಲಕ್ಕಿಂತ ಬಡ ಕ್ರಮ. ಬಾನುಲಿ ನಿಲಯದಲ್ಲಿ ತಂತ್ರಜ್ಞರಾಗಿದ್ದು ನಿವೃತ್ತರಾದ ಸ್ನೇಹಿತರೊಬ್ಬರು ಪಂಚಾಂಗದ ಹಿಂದಿನ ಪುಟದಲ್ಲಿ ಗೆರೆ ಎಳೆದು ತೋರಿಸಿದರು. ಜೋಡಿಯ ಎರಡು ತಂತಿಗಳಲ್ಲಿ ಒಂದೊಂದು ೪.೭ ಕಿಲೋ ಓಮಿನ ರೆಸಿಸ್ಟರ್, ಬದಲಾಗದಂತೆ ಬೆಸೆದದ್ದು. ಅವುಗಳ ಆಚೆ ಎರಡು ತಂತಿಗಳ ನಡುವೆ ಸೇತುವೆಯಂತೆ ೧ ಕಿಲೋ ಓಮಿನ ಒಂದೇ ಪಾಟ್. ಬಲಕ್ಕೊಂದು ಎಡಕ್ಕೊಂದು, ನಾಲ್ಕರ ಬದಲು ಎರಡು ಪಾಟು ಸಾಕು. ಪಾಟ್ ಎರಡು ತಂತಿಗಳನ್ನೂ ಒಟ್ಟಿಗೆ ಇಳಿಸುವುದರಿಂದ ಜೋಡಿಯ ಸಮತೂಕ ಅದರಿಂದ ಕೆಡದು. ಆ ಸಮತೂಕ ನಿಂತಿರುವುದು ಬೆಸೆದ ರೆಸಿಸ್ಟರುಗಳ ಮೇಲೆ. ಒಂದು ಹಿಡಿ ರೆಸಿಸ್ಟರ್ ತಂದು ಮೀಟರಿನಲ್ಲಿ ಅಳೆದು ಸರಿಜೋಡಿಗಳನ್ನು ಆರಿಸಿದರೆ ಆಯಿತು. ಇವು ಒಂದೊಂದು ಕೆಲವೇ ರೂಪಾಯಿಯ ವಸ್ತುಗಳು. ಒಂದು ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಮೊಮ್ಮಗಳು ಅಳೆದು ಹೇಳಿದಳು, ನಾವು ಬರೆದುಕೊಂಡೆವು, ಸ್ನೇಹಿತರು ಬೆಸುಗೆ ಹಾಕಿದರು.

ಲೆಕ್ಕ ಹೇಗೆ ಕೂಡಿಬಂದಿತೆಂದು ನೋಡಿರಿ. ತಿರುಪನ್ನು ಪೂರ್ತಿ ಬಲಕ್ಕೆ ಹಾಕಿದರೂ ಒಂದು ಭಾಗ ಪಾಟಿನದು, ಒಂಬತ್ತು ಚಿಲ್ಲರೆ ಭಾಗ ರೆಸಿಸ್ಟರುಗಳದು; ಬಂದ ದನಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದಾಟಲಾರದು. ೪ ವೋಲ್ಟ್ ಬಂದರೆ ಹೋಗುವುದು ೦.೪ಕ್ಕೂ ತುಸು ಕಡಿಮೆ; ಸ್ಪೀಕರಿಗೆ ಹೆಚ್ಚೆಂದರೆ ಏಳೂವರೆ ವ್ಯಾಟು. ಕರೆಂಟು ಹೋಗಿ ಬಂದು ಡ್ಯಾಕ್ ಮತ್ತೆ ಮೈಮರೆತರೂ ಸ್ಪೀಕರ್ ಸುಡದು. ಅಕ್ಕನವರಿಗೆ ಬೇಕಾದ ೨೯ ಡೆಸಿಬಲ್ ಇಳಿತ ತಿರುಪಿನ ಮೂರನೆಯ ಒಂದು ಸುತ್ತಿನಲ್ಲಿ ಸಿಗುತ್ತದೆ. ಅದು ಅಂಚಿನಿಂದ ದೂರವಿದ್ದು, ಎರಡು ಪಾಟುಗಳು ಹೊಂದಿಕೊಂಡು ಸಾಗುವ ಜಾಗ. ಗಾಯಕರು ಗೋಡೆ ಬಿಟ್ಟು ನಡುವಿಗೆ ಬಂದರು. ನಮ್ಮ ಆಂಪ್ಲಿಫೈಯರಿನ ಒಳದಾರಿ ೪೭ ಕಿಲೋ ಓಮ್. ಒಳದಾರಿಯ ತಡೆ ಹಿಂದಿನ ಪೆಟ್ಟಿಗೆಯ ಹೊರದಾರಿಯ ತಡೆಗಿಂತ ಹತ್ತು ಪಟ್ಟಾದರೂ ಇರಬೇಕೆಂಬುದು ಈ ವಿದ್ಯೆಯ ಸ್ಥೂಲ ನಿಯಮ. ಇಲ್ಲಿ ಧಾರಾಳವಾಗಿಯೇ ಇದೆ. ಮೊಬೈಲಿನಲ್ಲಿ ದನಿ ಇಳಿಸಿಕೊಂಡು ತೃಪ್ತರಾಗಿರುವವರಿಗೆ ತಿರುಪೂ ಬೇಡ. ಪಾಟಿನ ಜಾಗದಲ್ಲಿ ೧ ಕಿಲೋ ಓಮಿನ ಇನ್ನೊಂದು ರೆಸಿಸ್ಟರ್ ಬೆಸೆದರೆ ಅದೇ ಕಾವಲು.

ಅಂಕಿಗಳಲ್ಲಿ ದನಿ ಇಳಿಸಿದರೆ ಸಂಗೀತ ಕೆಡುತ್ತದೆಂಬ ಮಾತು ಅಂಗಡಿಗಳಲ್ಲಿ ಬಹಳ ಕೇಳಿಬರುತ್ತದೆ. ಪ್ರತಿ ೬ ಡೆಸಿಬಲ್ ಇಳಿತಕ್ಕೆ ಒಂದು ಬಿಟ್ ನಷ್ಟವಾಗುವುದು ನಿಜ. ಆದರೆ ಸಿ.ಡಿ.ಯ ಧ್ವನಿ ೧೬ ಬಿಟ್ಟಿನದು, ಈಗಿನ ಡ್ಯಾಕು ೨೪ ಬಿಟ್ಟಿನದು. ಎಂಟು ಬಿಟ್ ಕೈಯಲ್ಲಿದ್ದರೆ ೪೮ ಡೆಸಿಬಲ್ ಇಳಿಸಿದರೂ ಮೂಲಕ್ಕೆ ಕೈ ಹಾಕಿದಂತಾಗದು. ನಮಗೆ ಅದರ ಮೇಲಿರುವ ದೂರು ಒಂದೇ: ಅದರ ಮರೆವು.

ಪ್ಯಾಸಿವ್ ಎಲ್ಲರಿಗೂ ಎಲ್ಲ ಕಡೆಗೂ ಒಪ್ಪುತ್ತದೆಂದು ಯಾರೂ ತಿಳಿಯಬಾರದು. ಕುವೆಂಪುನಗರದ ನಮ್ಮ ಬಂಧುವೊಬ್ಬರು ಪ್ಯಾಸಿವ್ ಒಳ್ಳೆಯದೆಂದು ಕೇಳಿ, ಸಾದಾ ತಂತಿಯ ಸೆಟ್ಟಿಗೆ ೫೦ ಕಿಲೋ ಓಮಿನ ಪಾಟ್ ಹಾಕಿ, ಅಲ್ಲಿಂದ ಹತ್ತು ಮೀಟರ್ ಕೇಬಲ್ ಎಳೆದಿದ್ದರು. ಮೈಸೂರಿನ ಸಂಗೀತಗಾರರ ಕಿವಿ ಅವರದು. ಏನೋ ಸರಿಯಿಲ್ಲವೆಂದು ನಮ್ಮನ್ನು ಕರೆದರು. ಪಾಟ್ ದನಿಯನ್ನು ಅರ್ಧಕ್ಕೆ ಇಳಿಸಿದ ಬಿಂದುವಿನಲ್ಲಿ ಅದರ ಹೊರದಾರಿಯ ತಡೆ ಗರಿಷ್ಠವಾಗುತ್ತದೆ, ಒಟ್ಟು ಬೆಲೆಯ ನಾಲ್ಕನೆಯ ಒಂದು ಭಾಗ. ಇಲ್ಲಿ ಹನ್ನೆರಡೂವರೆ ಕಿಲೋ ಓಮ್. ಕೇಬಲ್ಲು ಮೀಟರಿಗೆ ನೂರು ಪಿಕೋಫ್ಯಾರಡ್‌ನಂತೆ ಸಾವಿರ ಪಿಕೋಫ್ಯಾರಡ್. ಇವೆರಡೂ ಸೇರಿದರೆ ೧೨,೭೦೦ ಹರ್ಟ್ಸ್‌ನಲ್ಲಿಯೇ ದನಿ ೩ ಡೆಸಿಬಲ್ ಕುಸಿದಿರುತ್ತದೆ. ಹಾಡುವವರ ಮಾತಿಗೆ ಇದರಿಂದ ಬಾಧಕವಿಲ್ಲ. ತಂಬೂರಿಗೆ ಮಾತ್ರ ಬಾಧಕವುಂಟು. ಕುದುರೆಯ ಮೇಲೆ ತಂತಿಯ ಕೆಳಗೆ ಎಳೆ ದಾರವನ್ನಿಟ್ಟು ಸರಿಸಿ ಸರಿಸಿ ಪಡೆಯುವ ಆ ಝೇಂಕಾರವಿದೆಯಲ್ಲ, ಅದರ ತುದಿಯ ಹೊಳಪೆಲ್ಲ ಮೇಲಿನ ಸ್ವರಾಂಶಗಳಲ್ಲಿರುತ್ತದೆ. ದಾರ ತೆಗೆದ ತಂಬೂರಿಯಂತೆ ಕೇಳಿಸಿತೆಂದು ನಾವು ಹೇಳಿದಾಗ ತಮ್ಮನ ಮಗ ನಕ್ಕು, ಅರವತ್ತು ದಾಟಿದವರ ಕಿವಿಗೆ ಹನ್ನೆರಡು ಸಾವಿರ ಕೇಳುವುದಿಲ್ಲ ದೊಡ್ಡಪ್ಪ ಎಂದ. ಇರಬಹುದು. ಜೊತೆಗಿದ್ದ ಮೊಮ್ಮಗಳು, ಹದಿನಾಲ್ಕರವಳು, ಚಿಕ್ಕ ಕೇಬಲ್ ಹಾಕಿ ಮತ್ತೆ ಹಚ್ಚಿದೊಡನೆ ಕಣ್ಣರಳಿಸಿದಳು. ಅವರಿಗೆ ೧೦ ಕಿಲೋ ಓಮಿನ ಪಾಟ್ ಹಾಕಿಸಿ, ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಪಕ್ಕಕ್ಕೆ ಸರಿಸಿಕೊಟ್ಟೆವು.

ಉದ್ದ ಕೇಬಲ್ ತಪ್ಪಿಸಲಾಗದವರಿಗೆ ನಡುಮಾರ್ಗವೊಂದುಂಟು, ಬಫರ್ ಎಂಬುದು. ದನಿಯನ್ನು ಹಿಗ್ಗಿಸದೆ, ಹೊರದಾರಿಯ ತಡೆಯನ್ನು ಮಾತ್ರ ತಗ್ಗಿಸುತ್ತದೆ. ಅಮೆರಿಕದ ನೆಲ್ಸನ್ ಪಾಸ್ ಎಂಬ ಆಂಪ್ಲಿಫೈಯರ್ ನಿರ್ಮಾತೃ ಇಂಥದೊಂದರ ನಕ್ಷೆಯನ್ನು ೨೦೦೮ರಲ್ಲಿ ಎಲ್ಲರೂ ಮಾಡಿಕೊಳ್ಳಲೆಂದು ಪ್ರಕಟಿಸಿದರು. ಬಲ್ಲವರ ಕೈಯಲ್ಲಿ ಅದೂ ದೊಡ್ಡ ಖರ್ಚಿನದಲ್ಲ. ಗ್ರಾಮಫೋನ್ ತಟ್ಟೆ ಕೇಳುವವರಿಗೆ ಮಾತ್ರ ಹಿಗ್ಗಿಸುವ ಯಂತ್ರ ಬೇಕೇ ಬೇಕು. ಆ ಮುಳ್ಳಿನಿಂದ ಬರುವುದು ವೋಲ್ಟಿನ ಸಾವಿರದ ನಾಲ್ಕೈದು ಪಾಲು. ತಟ್ಟೆಗೆಂದೇ ಇರುವ ಫೋನೋ ಪ್ರೀಆಂಪ್ ಅದನ್ನು ನೂರು ಪಟ್ಟು ಹಿಗ್ಗಿಸಿ, ಮೇಲು ಕೆಳಗಿನ ಸ್ವರಗಳನ್ನು ತಿದ್ದಿಕೊಟ್ಟ ಮೇಲೆಯೇ ಉಳಿದ ಮಾತು.

ಈ ಭೇದ ನಮಗೆ ಪುಸ್ತಕದಿಂದ ತಿಳಿದಿತ್ತು. ಮನಸ್ಸಿಗೆ ಮುಟ್ಟಿದ್ದು ಬೇರೊಂದು ಪ್ರಸಂಗದಲ್ಲಿ. ನಮ್ಮಲ್ಲಿ ೨೧ ಕ್ಯಾಸೆಟ್ಟುಗಳಿವೆ. ೧೯೭೯ರಿಂದ ೧೯೮೪ರ ವರೆಗೆ ಶ್ರಾವಣದ ಸಂಜೆಗಳಲ್ಲಿ ನಮ್ಮ ಗುರುಗಳು ಹೇಳಿದ ಪ್ರವಚನಗಳು. ಒಂದು ಚಿಕ್ಕ ರೆಕಾರ್ಡರನ್ನು ಕಂಬದ ಮರೆಯಲ್ಲಿಟ್ಟು ನಾವೇ ಧ್ವನಿಮುದ್ರಿಸಿದವು. ಗುರುಗಳಿಗೆ ತಮ್ಮ ಮಾತನ್ನು ಹಿಡಿದಿಡುವುದು ಒಪ್ಪಿಗೆಯಿರಲಿಲ್ಲ. ಹಾಗಾಗಿ ಯಂತ್ರವನ್ನು ಹತ್ತಿರ ಒಯ್ಯುವಂತಿರಲಿಲ್ಲ. ಅವರು ಲಿಂಗೈಕ್ಯರಾಗಿ ಮೂವತ್ತು ವರ್ಷಗಳೇ ಸಂದವು. ಅವರ ದನಿ ಜಗತ್ತಿನಲ್ಲಿ ಉಳಿದಿರುವುದು ಆ ೨೧ ಸುರುಳಿಗಳಲ್ಲಿ ಮಾತ್ರ.

ಹೊಸ ಪೆಟ್ಟಿಗೆ ಸಿದ್ಧವಾದ ಸಂಜೆ ಅಕ್ಕನವರೇ ಅದನ್ನು ಕೇಳಿದರು. ಕ್ಯಾಸೆಟ್ ಡೆಕ್ಕನ್ನು ಜೋಡಿಸಿ ತಿರುಪನ್ನು ಕೊನೆಯವರೆಗೂ ತಿರುಗಿಸಿದೆವು. ದೂರದ ಬಾವಿಯಿಂದ ಯಾರೋ ಮಾತನಾಡಿದಂತೆ ಏನೋ ಕೇಳಿತು, ನುಡಿ ತಿಳಿಯಲಿಲ್ಲ. ಡೆಕ್ಕಿನಿಂದ ಹೊರಡುವುದೇ ಅರ್ಧ ವೋಲ್ಟ್, ಕಂಬದ ಮರೆಯಲ್ಲಿ ಹಿಡಿದ ಮಾತು ಅದರ ಇಪ್ಪತ್ತನೆಯ ಒಂದು ಪಾಲೂ ಇರಲಾರದು, ನಮ್ಮ ಪೆಟ್ಟಿಗೆ ಅದರಲ್ಲಿಯೂ ಒಂಬತ್ತು ಪಾಲು ತಡೆದು ಒಂದು ಪಾಲು ಬಿಡುತ್ತಿದೆ. ಕಾಲುವೆಯಲ್ಲಿ ನೀರೇ ಇಲ್ಲದಾಗ ತೂಬು ಎತ್ತಿ ಏನು ಮಾಡುವುದು! ಹಿಂದಿರುಗಿಸಿದ ಪ್ರೀಆಂಪ್ ನೆನಪಿಗೆ ಬಂತು. ಹುಡುಗ ಏನೂ ಹೇಳಲಿಲ್ಲ, ಆದರೆ ನಮ್ಮ ಮುಖ ನೋಡಿದ.

ಆದರೂ ಮತ್ತೆ ಕೊಳ್ಳಲಿಲ್ಲ. ಅದಕ್ಕೆ ಕಾರಣ ಜಿಪುಣತನವಲ್ಲ. ಕ್ಯಾಸೆಟ್ಟುಗಳೇ ಸಾಯುತ್ತಿವೆ, ಪ್ರತಿ ಸಾರಿ ಓಡಿಸಿದಾಗಲೂ ಅಷ್ಟಿಷ್ಟು ಸವೆಯುತ್ತವೆ. ಅವುಗಳನ್ನು ದಿನವೂ ಪ್ರೀಆಂಪಿನಲ್ಲಿ ಹಿಗ್ಗಿಸಿ ಕೇಳುವುದಕ್ಕಿಂತ ಒಂದೇ ಸಾರಿ ಎಚ್ಚರದಿಂದ ಓಡಿಸಿ ೨೪ ಬಿಟ್ಟಿನಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡು, ಹಿಗ್ಗಿಸುವ ಕೆಲಸವನ್ನು ಅಲ್ಲಿಯೇ ಮುಗಿಸುವುದು ಲೇಸು. ಆಮೇಲೆ ಗುರುಗಳ ದನಿಯೂ ಮನ್ಸೂರರ ದನಿಯಷ್ಟೇ ಬಲದಿಂದ ಡ್ಯಾಕಿನಿಂದ ಹೊರಡುತ್ತದೆ. ಅದೇ ತೂಬು ಸಾಕು. ಸುರುಳಿಯ ಸುಯ್ ಸದ್ದೂ ಜೊತೆಯಲ್ಲಿ ಹಿಗ್ಗುತ್ತದೆ, ಅದಕ್ಕೆ ಉಪಾಯವಿಲ್ಲ. ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಧ್ವನಿಮುದ್ರಿಸಿದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ ಅದೇ ಓರೆಗೆ ಈ ಹೆಡ್ಡನ್ನೂ ಸಣ್ಣ ತಿರುಪಿನಿಂದ ಹೊಂದಿಸಬೇಕು. ಮಾತು ಮಂಕಾಗ ಕೇಳುವ ಎಷ್ಟೋ ಕ್ಯಾಸೆಟ್ಟುಗಳು ಹಾಳಾಗಿರುವುದಿಲ್ಲ. ಹೆಡ್ಡು ಓರೆಯಾಗಿರುತ್ತದೆ, ಅಷ್ಟೆ. ಮನೆಯಲ್ಲಿ ಹಿರಿಯರ ದನಿಯ ಕ್ಯಾಸೆಟ್ಟಿರುವವರು ಈ ವರ್ಷವೇ ಈ ಕೆಲಸಕ್ಕೆ ಕೈಹಾಕಬೇಕೆಂದು ಕೋರುತ್ತೇವೆ. ಆಂಪ್ಲಿಫೈಯರಿನ ಆಯ್ಕೆ ಮುಂದಿನ ವರ್ಷಕ್ಕೆ ಕಾದರೂ ನಡೆದೀತು.

ಇನ್ನೊಂದು ಎಚ್ಚರಿಕೆ ಹೇಳಲು ಮರೆತಿದ್ದೆವು. ಮೂರು ಪಿನ್ನಿನ ಹೊರದಾರಿಯನ್ನು ಸಾದಾ ಎರಡು ತಂತಿಯ ಯಂತ್ರಕ್ಕೆ ಜೋಡಿಸುವ ಅಡಾಪ್ಟರುಗಳು ಪೇಟೆಯಲ್ಲಿ ಸಿಗುತ್ತವೆ. ಅವುಗಳಲ್ಲಿ ಕೆಲವು ಮೂರನೆಯ ಪಿನ್ನನ್ನು ಭೂಮಿಗೆ ಸೇರಿಸಿಬಿಡುತ್ತವೆ. ಎಲ್ಲ ಡ್ಯಾಕುಗಳೂ ಅದನ್ನು ಸಹಿಸುವುದಿಲ್ಲ. ಜೊತೆಯಲ್ಲಿ ಬಂದ ಪುಸ್ತಕ ನೋಡಿ ಜೋಡಿಸಬೇಕು.

ಈಗ ಬೆಳಗಿನ ಐದಕ್ಕೆ ಹಾಡು ಮತ್ತೆ ನಡೆದಿದೆ. ಅಕ್ಕನವರು ತಿರುಪಿನ ಸರಿಯಾದ ಜಾಗಕ್ಕೆ ವಿಭೂತಿಯ ಬೊಟ್ಟು ಇಡಿಸಿದ್ದರು. ಒರೆಸುವವರ ಕೈಗೆ ಅದು ನಿಲ್ಲದಾಗಿ ಮೊಮ್ಮಗಳು ಬಿಳಿಯ ಬಣ್ಣದ ಚುಕ್ಕೆ ಇಟ್ಟಿದ್ದಾಳೆ. ಕ್ಯಾಸೆಟ್ಟುಗಳಲ್ಲಿ ೧೪ ಇಳಿಸಿಕೊಂಡದ್ದಾಯಿತು. ೧೯೮೧ರ ಒಂದು ಸುರುಳಿ ನಡುವೆ ತುಂಡಾಗಿದೆ, ಅಂಟಿಸಬಲ್ಲವರನ್ನು ಹುಡುಕುತ್ತಿದ್ದೇವೆ. ಹದಿನೈದನೆಯದನ್ನು ಬರುವ ಅಮಾವಾಸ್ಯೆ ಕಳೆದ ಮೇಲೆ ತೆಗೆಯಬೇಕೆಂದು ಅಕ್ಕನವರ ಅಪ್ಪಣೆಯಾಗಿದೆ.